ಮಾಸ್ಕ್ ಇಲ್ಲ ಅಂತ ದಾರಿ ಮಧ್ಯೆ ಬಸ್ಸಿಂದ ಇಳಿಸಬಹುದಿತ್ತಾ?

ಪ್ರಶ್ನೆ: 2021ರ ಏಪ್ರಿಲ್‌ನಲ್ಲಿ ನಮ್ಮ ತಂದೆ ತುಮಕೂರಿಗೆ ಹೋಗಲು ಬಸ್ ಹತ್ತಿದ್ದರು. ಆಗ ಅವರಿಗೆ 71 ವರ್ಷ. ಹೆಗಲ ಮೇಲೆ ಟವೆಲ್ ಇತ್ತು, ಮಾಸ್ಕ್ ಇರಲಿಲ್ಲ. ಟಿಕೆಟ್ ಹರಿದು ಕೊಟ್ಟ ಮೇಲೆ ಕಂಡಕ್ಟರ್ ನೋಡಿ, ದಾರಿಯಲ್ಲಿನ ಒಂದು ಹಳ್ಳಿ ಸ್ಟಾಪಿನಲ್ಲಿ ಇಳಿಸಿಬಿಟ್ಟರು. ದುಡ್ಡು ವಾಪಸ್ ಕೊಡಲಿಲ್ಲ. ಆ ಬೇಸರ ಅವರಿಗೆ ಇನ್ನೂ ಹೋಗಿಲ್ಲ. ಅಮೆರಿಕದಲ್ಲಿರುವ ನನ್ನ ತಂಗಿ, ಅಲ್ಲಿ ಬಸ್ಸು ವಿಮಾನಗಳ ಮಾಸ್ಕ್ ನಿಯಮವನ್ನು ಕೋರ್ಟೇ ರದ್ದು ಮಾಡಿತು ಅಂತಾಳೆ. ಹಾಗಾದರೆ ನಮ್ಮಲ್ಲಿ ಇದ್ದ ನಿಯಮಕ್ಕೆ ಕಾನೂನಿನ ಬಲ ಇತ್ತಾ? ನಾಳೆ ಇನ್ನೊಂದು ಸೋಂಕು ಬಂದರೆ ಮತ್ತೆ ಹೀಗೇ ಮಾಡಬಹುದಾ? (ತಿಪಟೂರಿನ ಓದುಗರು)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಮೂಗು ಬಾಯಿ ಮುಚ್ಚಿಕೊಳ್ಳಬೇಕು ಅನ್ನುವ ನಿಯಮ ಮಾಡಲು ಸರ್ಕಾರಕ್ಕೆ ಅಧಿಕಾರ ಇತ್ತು, ಈಗಲೂ ಇದೆ. ಆದರೆ ನಿಮ್ಮ ತಂದೆಯವರನ್ನು ಟಿಕೆಟ್ ಕೊಟ್ಟಾದ ಮೇಲೆ ದಾರಿ ಮಧ್ಯೆ ಇಳಿಸಿದ್ದು ತಪ್ಪು. ಈ ಎರಡೂ ಮಾತು ಒಟ್ಟಿಗೇ ನಿಜ. ನಾನು ವಕೀಲ. ಕೋವಿಡ್ ಕಾಲದಲ್ಲಿ ನನ್ನ ಹತ್ತಿರ ಬಂದವರಲ್ಲಿ ಜಾಸ್ತಿ ಜನ ಇವೆರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಿದ್ದರು. ಹಾಗಾಗಿ ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ.

ಅಧಿಕಾರ ಎಲ್ಲಿಂದ ಬಂತು ಅನ್ನೋದು ಹಳೇ ಕಥೆ. 1896ರಲ್ಲಿ ಮುಂಬೈಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಮರುವರ್ಷ ಫೆಬ್ರವರಿ 4ರಂದು ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ತೀರಾ ಚಿಕ್ಕ ಕಾಯ್ದೆ, ಇದ್ದದ್ದು ನಾಲ್ಕೇ ಕಲಂ. ಆದರೆ ಅದರಲ್ಲೇ ರೈಲಿನಲ್ಲಿ ಪ್ರಯಾಣ ಮಾಡುವವರನ್ನು ತಪಾಸಣೆ ಮಾಡಬಹುದು, ಬೇರೆ ಇಡಬಹುದು ಅಂತ ಬರೆದಿದ್ದರು. ಸುಮ್ನೆ ಬರೆದದ್ದಲ್ಲ. ಮಾರನೇ ವರ್ಷ, 1898ರಲ್ಲಿ, ಪ್ಲೇಗ್ ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದದ್ದು ರೈಲು ಹತ್ತಿಯೇ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇವತ್ತಿಗೂ ಇರುವ ಪ್ಲೇಗಮ್ಮನ ಗುಡಿಗಳು ಆ ಕಾಲದ ನೆನಪು. ರೋಗ ಗಾಡಿಯಲ್ಲಿ ಊರೂರು ತಿರುಗುತ್ತದೆ ಅನ್ನೋದು ನಮ್ಮ ಕಾನೂನಿಗೆ ಆವತ್ತಿಂದ ಗೊತ್ತು.

2020ರಲ್ಲಿ ಈ ಹಳೇ ಕಾಯ್ದೆಯ ಜೊತೆಗೆ ಇನ್ನೊಂದು ಸೇರಿಕೊಂಡಿತು. ಅದು 2005ರ ವಿಪತ್ತು ನಿರ್ವಹಣಾ ಕಾಯ್ದೆ. 2020ರ ಮಾರ್ಚ್ 24ರಿಂದ 2022ರ ಮಾರ್ಚ್ 31ರವರೆಗೆ ಕೇಂದ್ರದ ಕೋವಿಡ್ ಆದೇಶಗಳು ನಿಂತಿದ್ದು ಇದರ ಮೇಲೆ. ಗೃಹ ಸಚಿವಾಲಯ ರಾಷ್ಟ್ರೀಯ ನಿರ್ದೇಶನಗಳು ಅಂತ ಒಂದು ಪಟ್ಟಿ ಹೊರಡಿಸಿತ್ತು. ಸಾರ್ವಜನಿಕ ಜಾಗದಲ್ಲಿ, ಕೆಲಸದ ಜಾಗದಲ್ಲಿ, ಪ್ರಯಾಣದ ವೇಳೆ ಮುಖ ಮುಚ್ಚಿಕೊಳ್ಳುವುದು ಕಡ್ಡಾಯ ಅಂತ ಅದರಲ್ಲಿ ಇತ್ತು. ಕರ್ನಾಟಕ 2020ರಲ್ಲೇ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೂ ಮಾಡಿಕೊಂಡಿತು. ಆ ಅಕ್ಟೋಬರ್ ನಿಮಗೂ ನೆನಪಿರಬಹುದು. ದಂಡವನ್ನು ನಗರಗಳಲ್ಲಿ 1000 ರೂಪಾಯಿಗೆ ಏರಿಸಿದರು. ಜನ ಕೂಗೆಬ್ಬಿಸಿದರು. ಕೆಲವೇ ದಿನಗಳಲ್ಲಿ ನಗರದಲ್ಲಿ 250, ಉಳಿದ ಕಡೆ 100 ಅಂತ ಇಳಿಸಿದರು.

ಹಾಗಾಗಿ ನಿಮ್ಮ ತಂದೆ ಬಸ್ ಹತ್ತಿದ ದಿನ ನಿಯಮ ಜಾರಿಯಲ್ಲಿತ್ತು. ಅದಕ್ಕೆ ಕಾನೂನಿನ ಆಧಾರವೂ ಇತ್ತು. ಇಲ್ಲಿಗೆ ಮೊದಲ ಭಾಗ ಮುಗಿಯಿತು.

ಈಗ ನಿಮ್ಮ ತಂಗಿ ಹೇಳಿದ ಅಮೆರಿಕದ ವಿಷಯ. ಅವರು ಹೇಳಿದ್ದು ಸರಿ. ಆದರೆ ಕೋರ್ಟು ಅದನ್ನು ಯಾಕೆ ರದ್ದು ಮಾಡಿತು ಅನ್ನೋದನ್ನು ನೋಡಬೇಕು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಫೆಬ್ರವರಿಯಿಂದ ಬಸ್ಸು, ರೈಲು, ವಿಮಾನ, ಟ್ಯಾಕ್ಸಿ ಎಲ್ಲದರಲ್ಲೂ ಮಾಸ್ಕ್ ಕಡ್ಡಾಯ ಮಾಡಿತ್ತು. 2022ರ ಏಪ್ರಿಲ್ 18ರಂದು ಫ್ಲಾರಿಡಾದ ಫೆಡರಲ್ ನ್ಯಾಯಾಧೀಶೆ ಕ್ಯಾಥ್ರಿನ್ ಕಿಂಬಲ್ ಮಿಜೆಲ್ ಅದನ್ನು ರದ್ದು ಮಾಡಿದರು. ಅದೇ ಸಂಜೆ ಸಾರಿಗೆ ಭದ್ರತಾ ಸಂಸ್ಥೆ ಜಾರಿ ನಿಲ್ಲಿಸಿತು. ಹಾರುತ್ತಿದ್ದ ವಿಮಾನಗಳಲ್ಲೇ ಮಾಸ್ಕ್ ಇನ್ನು ನಿಮ್ಮಿಷ್ಟ ಅಂತ ಹೇಳಿದರು. ಕೆಲವರು ಚಪ್ಪಾಳೆ ತಟ್ಟಿದರು. ಮಾಸ್ಕ್ ಹಾಕಲಾಗದ ಪುಟ್ಟ ಮಕ್ಕಳನ್ನು ಕರೆದುಕೊಂಡು ಹೊರಟಿದ್ದ ಅಪ್ಪ ಅಮ್ಮಂದಿರು ಗಾಬರಿಯಾದರು.

ಮಾಸ್ಕ್ ಕೆಲಸ ಮಾಡುವುದಿಲ್ಲ ಅಂತ ಆ ಕೋರ್ಟು ಹೇಳಲಿಲ್ಲ. ಜಗಳ ಇದ್ದದ್ದು ಒಂದು ಪದದ ಮೇಲೆ. 1944ರ ಆರೋಗ್ಯ ಕಾಯ್ದೆಯಲ್ಲಿ ಸಿಡಿಸಿಗೆ ಏನೇನು ಅಧಿಕಾರ ಅಂತ ಪಟ್ಟಿ ಇದೆ. ತಪಾಸಣೆ, ಹೊಗೆ ಹಾಕುವುದು, ಕ್ರಿಮಿ ಕೊಲ್ಲುವುದು, ನೈರ್ಮಲ್ಯ, ಹೀಗೆ. ಮಾಸ್ಕ್ ಕೂಡ ನೈರ್ಮಲ್ಯವೇ ಅಂತ ಸರ್ಕಾರ ವಾದಿಸಿತು. ನೈರ್ಮಲ್ಯ ಅಂದರೆ ಯಾವುದನ್ನಾದರೂ ಸ್ವಚ್ಛ ಮಾಡುವುದು, ಮಾಸ್ಕು ಹಾಕಿದವರನ್ನೂ ಸ್ವಚ್ಛ ಮಾಡುವುದಿಲ್ಲ, ಗಾಡಿಯನ್ನೂ ಸ್ವಚ್ಛ ಮಾಡುವುದಿಲ್ಲ ಅಂತ ನ್ಯಾಯಾಧೀಶೆ ಹೇಳಿದರು. ಜನರ ಅಭಿಪ್ರಾಯ ಕೇಳದೆ ನಿಯಮ ತಂದದ್ದೂ, ಕಾರಣವನ್ನು ಸರಿಯಾಗಿ ವಿವರಿಸದೆ ಇದ್ದದ್ದೂ ತಪ್ಪು ಅಂದರು. ಮುಂದೆ ತುರ್ತು ಪರಿಸ್ಥಿತಿಯೇ ಮುಗಿದು, ನಿಯಮ ತಾನಾಗಿ ಹೋಯಿತು. 2023ರ ಜೂನ್‌ನಲ್ಲಿ ಮೇಲಿನ ಕೋರ್ಟು, ಇನ್ನು ತೀರ್ಮಾನಿಸಲು ಏನೂ ಉಳಿದಿಲ್ಲ ಅಂತ ಆ ತೀರ್ಪನ್ನೂ ತೆಗೆದುಹಾಕಿತು. ಅಂದರೆ ಮೂಲ ಪ್ರಶ್ನೆಗೆ ಅಲ್ಲಿ ಕೊನೆಯ ಉತ್ತರ ಸಿಗಲೇ ಇಲ್ಲ.

ಇದನ್ನು ಓದುವಾಗ ನನಗೆ ನಮ್ಮ ರೈಲ್ವೆ ಆದೇಶ ನೆನಪಾಯಿತು. 2021ರ ಏಪ್ರಿಲ್ 17ರಂದು ರೈಲ್ವೆ, ಸ್ಟೇಷನ್ ಮತ್ತು ರೈಲಿನಲ್ಲಿ ಮಾಸ್ಕ್ ಇಲ್ಲದವರಿಗೆ 500 ರೂಪಾಯಿವರೆಗೆ ದಂಡ ಅಂತ ಹೊರಡಿಸಿತು. ಯಾವ ನಿಯಮದ ಕೆಳಗೆ ಗೊತ್ತಾ? 2012ರ ಸ್ವಚ್ಛತಾ ನಿಯಮಗಳ ಕೆಳಗೆ. ಪ್ಲಾಟ್‌ಫಾರ್ಮಿನಲ್ಲಿ ಎಲೆ ಅಡಿಕೆ ಉಗಿದವರಿಗೆ, ಕಸ ಎಸೆದವರಿಗೆ ದಂಡ ಹಾಕುವ ನಿಯಮ ಅದು. ಉಗಿಯುವುದಕ್ಕೂ ಮಾಸ್ಕಿಗೂ ನಂಟಿದೆ, ಇಲ್ಲ ಅನ್ನಲಾರೆ. ಎಂಜಲಿನ ಹನಿಯೇ ಎರಡರಲ್ಲೂ ಇರುವ ವಿಷಯ. ಆದರೆ ಅಮೆರಿಕದಲ್ಲಿ ಮುರಿದು ಬಿದ್ದದ್ದು ಸರಿಯಾಗಿ ಇದೇ ಕೊಂಡಿ. ನಮ್ಮಲ್ಲಿ ವಿಪತ್ತು ಕಾಯ್ದೆಯ ನಿರ್ದೇಶನ ಬೆನ್ನಿಗೆ ಇದ್ದದ್ದರಿಂದ ನಿಯಮ ಗಟ್ಟಿಯಾಗಿ ನಿಂತಿತು. ಬರೀ ಸ್ವಚ್ಛತೆಯ ಹೆಸರಿನಲ್ಲಿ ಮಾಸ್ಕ್ ಹಾಕಿಸುವುದು ಯಾವ ದೇಶದಲ್ಲೂ ಸಡಿಲ ಬುನಾದಿಯೇ.

ನಮ್ಮ ಕೋರ್ಟುಗಳು ದಾರಿ ತಪ್ಪಿದ ಆದೇಶವನ್ನು ಸುಮ್ಮನೆ ಬಿಟ್ಟಿಲ್ಲ. ಮುಂಬೈ ಲೋಕಲ್ ರೈಲನ್ನೇ ನೋಡಿ. ಎರಡು ಡೋಸ್ ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಪ್ರವೇಶ ಅಂತ ಮಹಾರಾಷ್ಟ್ರ ಸರ್ಕಾರ ಆದೇಶ ಮಾಡಿತ್ತು. 2022ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟ್, ಈ ಆದೇಶಗಳನ್ನು ವಿಪತ್ತು ನಿಯಮಗಳು ಹೇಳುವ ಕ್ರಮದಲ್ಲಿ ಮಾಡಿಲ್ಲ ಅಂತ ಗಟ್ಟಿಯಾಗಿ ಹೇಳಿತು. ಉದ್ದೇಶ ಒಳ್ಳೆಯದಿದ್ದರೆ ಸಾಲದು, ಸಹಿ ಮಾಡಬೇಕಾದವರು ಸರಿಯಾದ ರೀತಿಯಲ್ಲಿ ಮಾಡಬೇಕು.

ಆ ವರ್ಷವೇ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಿಮ್ಮ ಮೂರನೇ ಪ್ರಶ್ನೆಗೆ ತುಂಬ ಮುಖ್ಯ. ಅದು ಲಸಿಕೆ ಕುರಿತ ಪ್ರಕರಣ. ನಮ್ಮ ದೇಹ ನಮ್ಮದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂತ ಕೋರ್ಟು ಹೇಳಿತು. ಆದರೆ ಎಲ್ಲರ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧ ಹಾಕಬಹುದು ಅಂತಲೂ ಹೇಳಿತು. ಅದಕ್ಕೆ ಕಾನೂನು ಇರಬೇಕು, ನಿಜವಾದ ಅಗತ್ಯ ಇರಬೇಕು, ನಿರ್ಬಂಧ ಆ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಸೋಂಕು ಇಳಿದ ಮೇಲೆ ಲಸಿಕೆ ಇಲ್ಲದವರನ್ನು ಸಾರ್ವಜನಿಕ ಜಾಗಗಳಿಂದ ಹೊರಗಿಡುವುದು ಈ ಅಳತೆಗೆ ಹೊಂದುವುದಿಲ್ಲ ಅಂದಿತು.

ಈ ಅಳತೆಯನ್ನು ಬಸ್ಸಿನೊಳಗಿನ ಮಾಸ್ಕಿಗೆ ಹಿಡಿದು ನೋಡಿ. ಸೋಂಕು ಏರುತ್ತಿರುವಾಗ ಅದು ಸಲೀಸಾಗಿ ಪಾಸಾಗುತ್ತದೆ ಅನ್ನೋದು ನನ್ನ ಅಭಿಪ್ರಾಯ. ಸೂಜಿ ಚುಚ್ಚುವಂತೆ ದೇಹದ ಒಳಗೆ ಏನೂ ಹೋಗುವುದಿಲ್ಲ. ಇಳಿದ ಮೇಲೆ ತೆಗೆಯಬಹುದು. ಮುಖ್ಯ ಕಾರಣ ಇನ್ನೊಂದಿದೆ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರು ಬರಬೇಕು ಅಂತ ನಾವು ಆರಿಸುವಂತಿಲ್ಲ. ಹೋಟೆಲಾದರೆ ಎದ್ದು ಹೋಗಬಹುದು. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ಹೆಣ್ಣುಮಗಳು ಬೆಳಗಿನ ಆ ಬಸ್ಸು ಬಿಟ್ಟರೆ ಅರ್ಧ ದಿನದ ಸಂಬಳ ಕಳೆದುಕೊಳ್ಳುತ್ತಾಳೆ. ಡಯಾಲಿಸಿಸ್‌ಗೆ ಹೋಗುವವರಿಗೆ ಬೇರೆ ದಾರಿಯೇ ಇರುವುದಿಲ್ಲ. ನಮ್ಮ ಮಾಮೂಲಿ ಬಸ್ಸುಗಳ ಕಿಟಕಿ ತೆಗೆದಿರುತ್ತದೆ, ಅದು ದೊಡ್ಡ ಪುಣ್ಯ. ಆದರೆ ಮಳೆ ಶುರುವಾದರೆ ಎಲ್ಲರೂ ಶಟರ್ ಎಳೆದುಕೊಳ್ಳುತ್ತೇವೆ. ಆಮೇಲೆ ಒಳಗಿನ ಐವತ್ತು ಜನ ಉಸಿರಾಡುವುದು ಅದೇ ಗಾಳಿ. ಎಸಿ ಬಸ್ಸು, ಮೆಟ್ರೊದಲ್ಲಂತೂ ಯಾವಾಗಲೂ ಹಾಗೇ. ನಾನು ಹಾಕಿಕೊಂಡ ಮಾಸ್ಕ್ ನನ್ನನ್ನು ಸ್ವಲ್ಪ ಕಾಯುತ್ತದೆ. ಎದುರಿಗಿರುವವರೂ ಹಾಕಿಕೊಂಡರೆ ಜಾಸ್ತಿ ಕಾಯುತ್ತದೆ. ಹಾಗಾಗಿಯೇ ಇದನ್ನು ಬರೀ ಸಲಹೆ ಅಂತ ಬಿಡದೆ ನಿಯಮ ಮಾಡುತ್ತಾರೆ.

ಹೊಸ ವಿಚಾರವೂ ಅಲ್ಲ ಇದು. 1918ರ ಇನ್‌ಫ್ಲುಯೆಂಜಾ ಸಮಯದ ಒಂದು ಫೋಟೊ ಇದೆ, ಸಿಯಾಟಲ್ ಊರಿನದು. ಟ್ರಾಮಿನ ಕಂಡಕ್ಟರ್ ಮಾಸ್ಕ್ ಇಲ್ಲದ ಪ್ರಯಾಣಿಕನನ್ನು ಬಾಗಿಲಲ್ಲೇ ತಡೆಯುತ್ತಿದ್ದಾನೆ. ಬಾಗಿಲಲ್ಲಿ, ಹತ್ತುವ ಮೊದಲು. ಇದನ್ನು ನೆನಪಿಡಿ, ನಿಮ್ಮ ತಂದೆಯವರ ವಿಷಯಕ್ಕೆ ಬೇಕಾಗುತ್ತದೆ.

ಕಂಡಕ್ಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮಗೆ ಅವರ ಮೇಲೆ ಸಿಟ್ಟಿರುವುದು ಸಹಜ. 2020ರ ಮೇ 19ರಂದು ರಾಜ್ಯದಲ್ಲಿ ಬಸ್ಸುಗಳು ಮತ್ತೆ ಓಡಲು ಶುರುವಾದಾಗ ಒಂದು ಬಸ್ಸಿಗೆ 30 ಜನ ಮಾತ್ರ ಅಂತ ಇತ್ತು. ಆ ವಾರ ಬೆಂಗಳೂರಿನಲ್ಲಿ ನಾನು ಒಂದು ಬಸ್ಸಿನಲ್ಲಿ ಹಿಂಬಾಗಿಲ ಹತ್ತಿರ ಕೂತಿದ್ದೆ. ಕಂಡಕ್ಟರಿಗೆ ಮೂವತ್ತೈದು ವರ್ಷ ಇರಬಹುದು, ನೀಲಿ ಬಟ್ಟೆ ಮಾಸ್ಕ್. ಮೊದಲು ಬೆರಳಿಗೆ ಎಂಜಲು ಹಚ್ಚಿ ಟಿಕೆಟ್ ಬಿಡಿಸುತ್ತಿದ್ದ ಅಭ್ಯಾಸ, ಕೈ ತಾನಾಗಿ ಬಾಯಿಯವರೆಗೂ ಹೋಗಿ ಮಾಸ್ಕಿಗೆ ತಗುಲಿ ವಾಪಸ್ ಬರುತ್ತಿತ್ತು. ಸ್ಟಾಪ್ ಬಂದಾಗಲೆಲ್ಲ ಸೀಟಿ ಊದಬೇಕು. ಸೀಟಿ ಊದಲು ಮಾಸ್ಕ್ ಕೆಳಗೆ ಎಳೆಯಬೇಕು. ಊದಿದ ಕೂಡಲೇ ಮೇಲೆ ಏರಿಸಿ, ಹತ್ತುವವರಿಗೆ "ಮಾಸ್ಕ್ ಹಾಕ್ಕೊಳ್ರೀ" ಅನ್ನಬೇಕು. ಒಬ್ಬರು "ನೀನೇ ಹಾಕಿಲ್ವಲ್ಲಯ್ಯ" ಅಂದುಬಿಟ್ಟರು. ಅವರು ಏನೂ ಹೇಳದೆ ಟಿಕೆಟ್ ಹರಿದರು. ಆಮೇಲೆ ಸೀಟಿ ಜೇಬಿಗೆ ಹಾಕಿಕೊಂಡು, ಕೈಯಲ್ಲಿ ಬಾಡಿ ತಟ್ಟಿ ರೈಟ್ ಹೇಳಲು ಶುರು ಮಾಡಿದರು. ನಿಯಮ ಬರೆದವರು ಸೀಟಿಯ ಬಗ್ಗೆ ಯೋಚಿಸಿರಲಿಲ್ಲ. ಅದನ್ನು ಕಂಡಕ್ಟರೇ ಬಗೆಹರಿಸಿಕೊಂಡರು.

ಆಕಾಶದಲ್ಲೂ ಇದೇ ಕಥೆ. 2021ರ ಮಾರ್ಚ್ 5ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಸಿ. ಹರಿಶಂಕರ್ ಕೋಲ್ಕತ್ತಾದಿಂದ ದೆಹಲಿಗೆ ವಿಮಾನದಲ್ಲಿ ಬಂದರು. ಎಷ್ಟು ಸಲ ಹೇಳಿದರೂ ಜನ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡೇ ಕೂತಿದ್ದನ್ನು ಕಣ್ಣಾರೆ ಕಂಡರು. ಸಿಬ್ಬಂದಿ ತಮ್ಮ ಕೈಲಿ ಏನೂ ಆಗಲ್ಲ ಅಂದರಂತೆ. ಅವರು ತಾವಾಗಿಯೇ ಪ್ರಕರಣ ದಾಖಲಿಸಿಕೊಂಡು ಆದೇಶ ಮಾಡಿದರು. ಬೆನ್ನಿಗೇ ಮಾರ್ಚ್ 13ರಂದು ವಿಮಾನಯಾನ ನಿರ್ದೇಶನಾಲಯ ಸುತ್ತೋಲೆ ಹೊರಡಿಸಿತು. ಅದರಲ್ಲಿ ಒಂದು ಕ್ರಮ ಇತ್ತು. ಮೊದಲು ಎಚ್ಚರಿಕೆ. ಆಮೇಲೂ ಕೇಳದಿದ್ದರೆ, ವಿಮಾನ ಹೊರಡುವ ಮೊದಲೇ ಇಳಿಸುವುದು. ಹಾರಿದ ಮೇಲೂ ಮತ್ತೆ ಮತ್ತೆ ಮೀರಿದರೆ ಪುಂಡ ಪ್ರಯಾಣಿಕ ಅಂತ ಪರಿಗಣಿಸುವುದು. ವಿಮಾನದಲ್ಲಿ ಹೋಗುವವರಿಗೆ ಇಷ್ಟು ಸ್ಪಷ್ಟವಾಗಿ ಬರೆದುಕೊಟ್ಟರು. ಹಳ್ಳಿ ಬಸ್ಸಿನಲ್ಲಿ ಹೋಗುವವರಿಗೂ ಇದೇ ಕ್ರಮ ಸಿಗಬೇಕಿತ್ತು, ಅಲ್ವಾ?

ಈಗ ನಿಮ್ಮ ತಂದೆಯವರ ಟವೆಲ್‌ಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಗೃಹ ಸಚಿವಾಲಯದ ನಿರ್ದೇಶನದಲ್ಲಿ ಇದ್ದ ಮಾತು ಮುಖದ ಹೊದಿಕೆ ಅಂತ. ಅಂಗಡಿಯಲ್ಲಿ ಕೊಂಡ ಮಾಸ್ಕೇ ಆಗಬೇಕು ಅಂತ ಅಲ್ಲ. 2020ರ ಏಪ್ರಿಲ್‌ನಲ್ಲೇ ಆರೋಗ್ಯ ಸಚಿವಾಲಯ, ಮನೆಯಲ್ಲಿರುವ ಶುಭ್ರ ಹತ್ತಿ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿ ಅಂತ ಸಲಹೆ ಕೊಟ್ಟಿತ್ತು. ಹೆಗಲ ಮೇಲಿನ ಟವೆಲನ್ನು ಎರಡು ಮಡಿಕೆ ಮಾಡಿ ಮೂಗಿನ ಮೇಲೆ ಕಟ್ಟಿದ್ದರೆ ಕೇಂದ್ರದ ನಿರ್ದೇಶನ ಪಾಲಿಸಿದಂತೆ ಆಗುತ್ತಿತ್ತು. ವೈದ್ಯರು ಹೇಳುವ ಹಾಗೆ ಅದು ಸರ್ಜಿಕಲ್ ಮಾಸ್ಕಿನಷ್ಟು ಒಳ್ಳೆಯದಲ್ಲ, ಒಪ್ಪುತ್ತೇನೆ. ಆದರೆ ಕಾನೂನು ಕೇಳಿದ್ದು ಅಷ್ಟೇ. "ಯಜಮಾನ್ರೇ, ಟವೆಲ್ ಕಟ್ಕೊಳ್ಳಿ" ಅನ್ನುವ ಒಂದು ಮಾತು ಸಾಕಿತ್ತು. ಅವರು ಒಲ್ಲೆ ಅಂತ ಹಟ ಹಿಡಿದಿದ್ದರೆ ಬೇರೆ ಮಾತು. ನೀವು ಬರೆದದ್ದು ನೋಡಿದರೆ ಹಾಗೆ ಹೇಳುವ ಅವಕಾಶವೇ ಅವರಿಗೆ ಸಿಕ್ಕಿಲ್ಲ.

ಇಳಿಸಿದ ಜಾಗವೂ ಮುಖ್ಯ. ಹತ್ತುವಾಗ ತಡೆಯುವುದು ಒಂದು. ಟಿಕೆಟ್ ಕೊಟ್ಟು, ಅರ್ಧ ದಾರಿ ಕರೆದುಕೊಂಡು ಹೋಗಿ, ಮುಂದಿನ ಬಸ್ಸು ಯಾವಾಗ ಬರುತ್ತದೋ ಗೊತ್ತಿಲ್ಲದ ಕಡೆ ವಯಸ್ಸಾದವರನ್ನು ಬಿಡುವುದು ಇನ್ನೊಂದು. 1989ರ ರೈಲ್ವೆ ಕಾಯ್ದೆಯ 56ನೇ ಕಲಂ, ಸೋಂಕು ರೋಗ ಇರುವವರನ್ನು ಕರೆದೊಯ್ಯಲು ನಿರಾಕರಿಸುವ ಅಧಿಕಾರ ಕೊಡುತ್ತದೆ. ಆದರೆ ಅದು ರೋಗ ಇರುವವರ ಬಗ್ಗೆ. ಆರೋಗ್ಯವಾಗಿರುವ ಎಲ್ಲರಿಗೂ ಹಾಕಿದ ಮುನ್ನೆಚ್ಚರಿಕೆಯನ್ನು ಒಬ್ಬರು ಮರೆತರೆ, ಅವರನ್ನು ರೋಗಿಯ ಹಾಗೆ ನಡೆಸಿಕೊಳ್ಳುವುದು ಆ ಅಗತ್ಯಕ್ಕೆ ತಕ್ಕ ನಿರ್ಬಂಧ ಆಗುವುದಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೂರನೇ ಅಳತೆಯಲ್ಲಿ ಅದು ನಿಲ್ಲುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮೂರು ಪದರದ ಮಾಸ್ಕಿಗೆ 10 ರೂಪಾಯಿ ಮಿತಿ ಹಾಕಿತ್ತು. ಆ ಬೆಲೆ ಹಿಡಿದರೂ 250 ರೂಪಾಯಿ ದಂಡದಲ್ಲಿ 25 ಮಾಸ್ಕ್ ಬರುತ್ತಿತ್ತು. ದಂಡವೇ ಬೇಡ ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ಮಾಸ್ಕ್ ಕೊಟ್ಟರೂ ಬೇಕಂತಲೇ ಹಾಕದವರಿಗೆ ಅದು ಬೇಕು. ಆದರೆ ಮೊದಲು ಕೊಡಬೇಕು. ಇದು ಬರೀ ಕರುಣೆಯ ಮಾತಲ್ಲ, ಕೆಲಸ ಆಗುವ ದಾರಿಯೂ ಇದೇ. ಬಾಂಗ್ಲಾದೇಶದಲ್ಲಿ 600 ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಮೂರು ಲಕ್ಷಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಅರ್ಧ ಹಳ್ಳಿಗಳಲ್ಲಿ ಮನೆಮನೆಗೆ ಮಾಸ್ಕ್ ಪುಕ್ಕಟೆ ಕೊಟ್ಟರು. ಯಾಕೆ ಬೇಕು ಅಂತ ವಿವರಿಸಿದರು. ಊರಿನ ಹಿರಿಯರು, ಮಸೀದಿಯ ಇಮಾಮರು ತಾವೇ ಹಾಕಿ ತೋರಿಸಿದರು. ಬೀದಿಯಲ್ಲಿ ಹಾಕದವರನ್ನು ಕಂಡರೆ ನಿಲ್ಲಿಸಿ, ಇನ್ನೊಂದು ಮಾಸ್ಕ್ ಕೊಟ್ಟು, ಹಾಕಿಕೊಳ್ಳಿ ಅಂತ ಕೇಳಿದರು. ದಂಡ ಇರಲಿಲ್ಲ. ಸುಮಾರು 13 ಶೇಕಡ ಇದ್ದ ಮಾಸ್ಕ್ ಬಳಕೆ 42 ಶೇಕಡಕ್ಕೆ ಏರಿತು. ಲಕ್ಷಣ ಇದ್ದು ರಕ್ತ ಪರೀಕ್ಷೆಯಲ್ಲಿ ಖಚಿತವಾದ ಸೋಂಕು ಸುಮಾರು 9 ಶೇಕಡ ಕಡಿಮೆಯಾಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ 60 ದಾಟಿದವರಿಗೆ ಸಿಕ್ಕ ಲಾಭ ಇನ್ನೂ ದೊಡ್ಡದು, ಸುಮಾರು 35 ಶೇಕಡ. ನಿಮ್ಮ ತಂದೆಯ ವಯಸ್ಸಿನವರು ಅವರು. ಯಾರನ್ನು ಕಾಯಲು ನಿಯಮ ಮಾಡಿದರೋ ಅವರನ್ನೇ ಬಸ್ಸಿಂದ ಇಳಿಸಿದ್ದು ನನಗೆ ಬಹಳ ನೋವು ಕೊಟ್ಟ ಸಂಗತಿ.

ದಂಡದ ಅತಿಯನ್ನು ಸುಪ್ರೀಂ ಕೋರ್ಟ್ ಒಮ್ಮೆ ತಡೆದಿದೆ ಕೂಡ. 2020ರ ಡಿಸೆಂಬರ್‌ನಲ್ಲಿ, ಮಾಸ್ಕ್ ಹಾಕದವರನ್ನು ಕೋವಿಡ್ ಕೇಂದ್ರಗಳಲ್ಲಿ ಸೇವೆಗೆ ಹಚ್ಚಿ ಅಂತ ಗುಜರಾತ್ ಹೈಕೋರ್ಟ್ ಹೇಳಿತ್ತು. ಮರುದಿನವೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮಾಸ್ಕ್ ನಿಯಮ ಗಟ್ಟಿಯಾಗಿ ಜಾರಿಯಾಗಲಿ ಅಂತಲೂ ಅದೇ ಹೊತ್ತಿನಲ್ಲಿ ಹೇಳಿತು.

ನಾಳೆ ಇನ್ನೊಂದು ಸೋಂಕು ಬಂದರೆ? ಗಾಳಿಯಲ್ಲಿ ಹರಡುವ ರೋಗವಾದರೆ ಬಸ್ಸು ರೈಲಿನಲ್ಲಿ ಮಾಸ್ಕ್ ನಿಯಮ ಮತ್ತೆ ಬರಬಹುದು, ಬರಬೇಕು ಕೂಡ. ಹಳೇ ದಂಡ ಸಂಹಿತೆಯ 188ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಬಂದಿದೆ. ಸರ್ಕಾರದ ಆದೇಶ ಮೀರಿದರೆ ಕೇಸು ಹಾಕುವ ದಾರಿ ಇನ್ನೂ ತೆರೆದೇ ಇದೆ. ಆ ಆದೇಶದಲ್ಲಿ ಯಾವ ಕಾಯ್ದೆ, ಯಾವ ಕಲಂ, ಯಾವತ್ತಿನವರೆಗೆ ಅನ್ನೋದು ಬರೆದಿರಲಿ. ಉಸಿರಾಟದ ತೊಂದರೆ ಇರುವವರು, ಪುಟ್ಟ ಮಕ್ಕಳು, ತುಟಿ ನೋಡಿ ಮಾತು ತಿಳಿಯುವ ಕಿವುಡರು, ಇವರಿಗೆ ವಿನಾಯಿತಿ ಇರಲಿ. ಕಂಡಕ್ಟರ್ ಬ್ಯಾಗಿನಲ್ಲಿ ಟಿಕೆಟ್ ಜೊತೆ ಒಂದು ಕಟ್ಟು ಮಾಸ್ಕ್ ಇರಲಿ, ಅದರ ದುಡ್ಡು ಡಿಪೊದಿಂದ ಬರಲಿ.

ನಿಮ್ಮ ತಂದೆಯವರಿಗೆ ಈಗ ಏನು ಮಾಡಬಹುದು ಅಂತ ಹೇಳಿ ಮುಗಿಸುತ್ತೇನೆ. ಟಿಕೆಟ್ ದುಡ್ಡಿಗಾಗಿ ಗ್ರಾಹಕರ ಆಯೋಗಕ್ಕೆ ಹೋಗಿ ಅನ್ನಲಾರೆ. ಅಲ್ಲಿ ದೂರು ಕೊಡಲು ಇರುವ ಎರಡು ವರ್ಷದ ಗಡುವು ದಾಟಿದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಸಾರಿಗೆ ಸಂಸ್ಥೆಗೆ ಒಂದು ಅರ್ಜಿ ಹಾಕಿ. ಮಾಸ್ಕ್ ಇಲ್ಲದ ಪ್ರಯಾಣಿಕರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಆ ವರ್ಷ ನಿರ್ವಾಹಕರಿಗೆ ಕೊಟ್ಟ ಸುತ್ತೋಲೆಯ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಸುತ್ತೋಲೆಯಲ್ಲಿ ದಾರಿ ಮಧ್ಯೆ ಇಳಿಸಿ ಅಂತ ಇಲ್ಲದಿದ್ದರೆ, ಅದನ್ನು ಲಗತ್ತಿಸಿ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರಿಗೆ ಪತ್ರ ಬರೆಯಿರಿ. ಪರಿಹಾರ ಕೇಳಬೇಡಿ. ಹೀಗಾಯಿತು, ಮುಂದೆ ಹೀಗಾಗದಂತೆ ಲಿಖಿತ ಸೂಚನೆ ಕೊಡಿ ಅಂತ ಕೇಳಿ. ಪತ್ರ ತಂದೆಯವರ ಹೆಸರಿನಲ್ಲೇ ಇರಲಿ, ಅವರ ಮಾತಿನಲ್ಲೇ ಇರಲಿ. ಆ ಹಳ್ಳಿ ಸ್ಟಾಪಿನಲ್ಲಿ ಎಷ್ಟು ಹೊತ್ತು ಕಾದರು, ಆಮೇಲೆ ಹೇಗೆ ತುಮಕೂರು ಸೇರಿದರು ಅನ್ನೋದನ್ನೂ ಬರೆಯಲು ಹೇಳಿ. ಟವೆಲ್ ವಿಷಯ ಮರೆಯದೆ ಬರೆಯಿರಿ.